ನಮ್ಮನೆಗೆ ಬಂದ ಮೂವರು ಲಿಂಕನ್

ಮೊದಲೇ ಹೇಳಿಬಿಡುತ್ತೇನೆ, ಅಮೆರಿಕದ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ ಪಾತ್ರ ಮಾಡಿದ ನಟರಲ್ಲಿ ನನ್ನ ಮನಸ್ಸಿಗೆ ಹತ್ತಿದ್ದು 1988ರ ಸ್ಯಾಮ್ ವಾಟರ್‌ಸ್ಟನ್ ಲಿಂಕನ್. ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಎರಡು ರಾತ್ರಿ ಬಂದ ಕಿರುಧಾರಾವಾಹಿ ಅದು. ಒಟ್ಟು ಮೂರು ಗಂಟೆ ಚಿಲ್ಲರೆ. ಅದರ ಎದುರಿಗೆ ಇಟ್ಟು ನೋಡಿದ್ದು ಎರಡು. ಒಂದು, 1974ರಿಂದ 1976ರವರೆಗೆ ಬಿಟ್ಟು ಬಿಟ್ಟು ಬಂದ ಆರು ಕಂತುಗಳ ಹಾಲ್ ಹಾಲ್‌ಬ್ರೂಕ್ ಲಿಂಕನ್. ಇನ್ನೊಂದು, ಡೇನಿಯಲ್ ಡೇ ಲೂಯಿಸ್ ಇರುವ 2012ರ ಸ್ಪೀಲ್‌ಬರ್ಗ್ ಸಿನಿಮಾ. ಸಿನಿಮಾನ ಧಾರಾವಾಹಿ ಪಕ್ಕ ಇಡಬಹುದಾ ಅಂತ ಕೆಲವರು ಕೇಳಬಹುದು. ನಾನು ಮೂರನ್ನೂ ನೋಡಿದ್ದು ಒಂದೇ ಟಿವಿಯಲ್ಲಿ, ರಾತ್ರಿ ಊಟ ಆದಮೇಲೆ, ಅಮ್ಮನ ಪಕ್ಕ ಕೂತು. ನಮ್ಮ ಮಟ್ಟಿಗೆ ಮೂರೂ ಮನೆಯಲ್ಲಿ ನೋಡುವ ನಾಟಕಗಳೇ.

ಶುರುವಾದದ್ದು ಅಮ್ಮನ ಒಂದು ಪ್ರಶ್ನೆಯಿಂದ. ಅಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ಲಿಂಕನ್ ತನ್ನ ಮಗನ ಮೇಷ್ಟ್ರಿಗೆ ಬರೆದ ಪತ್ರ ಅಂತ ನಮ್ಮ ಕಡೆ ಎಷ್ಟೋ ಶಾಲೆಗಳ ಗೋಡೆ ಮೇಲೆ ಇರುತ್ತದಲ್ವಾ, ಅದನ್ನು ವರ್ಷಗಟ್ಟಲೆ ಮಕ್ಕಳಿಗೆ ಓದಿಸಿದ್ದಾರೆ. ಒಂದಿನ ಇದ್ದಕ್ಕಿದ್ದಂತೆ ಕೇಳಿದರು, "ಆ ಮಗ ಆಮೇಲೆ ಏನಾದ ಕಣೇ?"

ಹುಡುಕಿ ನೋಡಿದೆ. ಆ ಪತ್ರ ಲಿಂಕನ್ ಬರೆದದ್ದು ಅನ್ನುವುದಕ್ಕೆ ಯಾವ ದಾಖಲೆಯೂ ಇಲ್ಲ. ಆದರೆ ಮಕ್ಕಳ ಕಥೆ ಮಾತ್ರ ನಿಜ, ಓದಿದರೆ ಕರುಳು ಹಿಂಡುತ್ತದೆ. ನಾಲ್ಕು ಗಂಡು ಮಕ್ಕಳು. ಎಡ್ಡಿ ನಾಲ್ಕು ತುಂಬುವ ಮೊದಲೇ 1850ರಲ್ಲಿ ಹೋದ. ವಿಲ್ಲಿ 1862ರ ಫೆಬ್ರವರಿ 20ರಂದು, ಹನ್ನೊಂದನೇ ವಯಸ್ಸಿಗೆ, ವೈಟ್ ಹೌಸ್‌ನಲ್ಲೇ ಜ್ವರದಿಂದ ತೀರಿಕೊಂಡ. ಅದು ಟೈಫಾಯ್ಡ್ ಇರಬೇಕು ಅನ್ನುತ್ತಾರೆ. ಆಗ ಹೊರಗೆ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯುತ್ತಿತ್ತು. ಟ್ಯಾಡ್ ಅಪ್ಪ ಸತ್ತ ಆರು ವರ್ಷಕ್ಕೆ, ಹದಿನೆಂಟನೇ ವಯಸ್ಸಿಗೆ ಹೋದ. ದೊಡ್ಡವನು ರಾಬರ್ಟ್ ಒಬ್ಬನೇ ಬಾಳಿ ಬದುಕಿದ್ದು. ಇದನ್ನು ಕೇಳಿದ ಮೇಲೆ ಅಮ್ಮನಿಗೆ ಲಿಂಕನ್‌ಗಿಂತ ಅವರ ಹೆಂಡತಿ ಮೇರಿಯ ಚಿಂತೆ ಜಾಸ್ತಿ ಆಯಿತು. "ಆ ತಾಯಿ ಹೇಗೆ ತಡ್ಕೊಂಡಳೋ" ಅಂದರು. ಹಾಗಾಗಿ ನಮ್ಮ ಹೋಲಿಕೆಯ ಅಳತೆಗೋಲು ಮೊದಲೇ ಗೊತ್ತಾಗಿತ್ತು. ಅಧ್ಯಕ್ಷರ ಕಥೆ ಹೇಳುವಾಗ ಆ ಮನೆಯನ್ನೂ ಯಾರು ಚೆನ್ನಾಗಿ ತೋರಿಸಿದ್ದಾರೆ?

ಎರಡು ಧಾರಾವಾಹಿಗಳ ಡಿವಿಡಿಗಳನ್ನು ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗ ದಸರಾಕ್ಕೆ ಮೈಸೂರಿಗೆ ಬರುವಾಗ ತಂದುಕೊಟ್ಟ. ಯಾರೋ ನೋಡಿ ಬಿಟ್ಟ ಹಳೇ ಡಿಸ್ಕ್‌ಗಳು. ಎರಡೂ ಸೇರಿ 31 ಡಾಲರ್. ಅವನು ಊರು ಬಿಟ್ಟ ಮಾರನೇ ದಿನ ತೊಂದರೆ ಶುರುವಾಯಿತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಹೊರದೇಶದಿಂದ ಹಳೇ ಡಿಸ್ಕ್ ತರಿಸುವವರಿಗೆ ಉಪಯೋಗ ಆದೀತು.

ಡಿಸ್ಕ್ ಹಾಕಿದೆ. ಪ್ಲೇಯರ್ ಒಂದು ಸುತ್ತು ಗುರ್‌ ಅಂದು, ಪರದೆ ಮೇಲೆ ರೀಜನ್ ತಪ್ಪು ಅಂತ ತೋರಿಸಿ ಸುಮ್ಮನಾಯಿತು. ಡಿವಿಡಿಗಳಿಗೆ ಪ್ರಪಂಚವನ್ನು ವಲಯಗಳಾಗಿ ಹಂಚಿಟ್ಟಿದ್ದಾರೆ. ಅಮೆರಿಕದ್ದು 1, ನಮ್ಮ ಭಾರತದ್ದು 5. ಒಂದು ವಲಯದ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡಬಾರದು ಅನ್ನುವುದೇ ಅದರ ಉದ್ದೇಶ. ಸರಿ, ಲ್ಯಾಪ್‌ಟಾಪ್‌ಗೆ ಹಾಕಿದೆ. ಅದು ವಲಯ ಬದಲಿಸಲಾ ಅಂತ ಕೇಳಿತು, ಹೂಂ ಅಂದೆ. ಲಿಂಕನ್ ಕಾಣಿಸಿಕೊಂಡರು. ಅದೇ ವಾರ ಅಮ್ಮನಿಗೆ ಒಂದು ಹಳೇ ಕನ್ನಡ ಸಿನಿಮಾ ಬೇಕಾಯಿತು, ವಲಯವನ್ನು ವಾಪಸ್ 5ಕ್ಕೆ ತಂದೆ. ಮತ್ತೆ ಲಿಂಕನ್, ಮತ್ತೆ 1. ಆಗ ಕಣ್ಣಿಗೆ ಬಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನು ಎರಡೇ ಬಾರಿ ಬದಲಿಸಬಹುದು ಅಂತ ಬರೆದಿತ್ತು. ಡ್ರೈವ್‌ಗೆ ಇರುವ ಅವಕಾಶ ಒಟ್ಟು ಐದು. ಐದನೆಯದು ಮುಗಿದರೆ ಕೊನೆಯಲ್ಲಿ ಇಟ್ಟ ವಲಯಕ್ಕೇ ಅದು ಬೀಗ ಹಾಕಿಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸಿದೆ. ಈಗ ಲ್ಯಾಪ್‌ಟಾಪ್ ಅಮೆರಿಕದ ಡಿಸ್ಕ್‌ಗಳಿಗೆ, ಪ್ಲೇಯರ್ ನಮ್ಮ ಡಿಸ್ಕ್‌ಗಳಿಗೆ, ಲ್ಯಾಪ್‌ಟಾಪ್‌ನಿಂದ ಟಿವಿಗೆ ಒಂದು ಎಚ್‌ಡಿಎಂಐ ಕೇಬಲ್.

ಅದಾದ ಮೇಲೆ ಅಕ್ಷರಗಳ ಸಮಸ್ಯೆ. ಅಮ್ಮನಿಗೆ ಇಂಗ್ಲಿಷ್ ಓದಿದರೆ ಚೆನ್ನಾಗಿ ಅರ್ಥವಾಗುತ್ತದೆ, ಅಮೆರಿಕದವರ ಬಾಯಲ್ಲಿ ಕೇಳಿದರೆ ಆಗುವುದಿಲ್ಲ. ನನಗೂ ಸ್ವಲ್ಪ ಹಾಗೇ, ಅದರಲ್ಲೂ ನೂರೈವತ್ತು ವರ್ಷ ಹಳೇ ಇಂಗ್ಲಿಷ್. ಡಿಸ್ಕಿನ ಪೆಟ್ಟಿಗೆ ಹಿಂದೆ ಸಿಸಿ ಅಂತ ಗುರುತಿತ್ತು. ಒಳಗೆ ಸಬ್‌ಟೈಟಲ್ ಪಟ್ಟಿ ತೆಗೆದರೆ ಖಾಲಿ. ನನ್ನ ಕೈಗೆ ಬಂದ ಡಿಸ್ಕೇ ಕೆಟ್ಟದ್ದು ಅಂದುಕೊಂಡು, ಹತ್ತು ದಿನ ನಾನೇ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಕೂತೆ. ಎರಡು ಮಾತಿಗೊಮ್ಮೆ ನಿಲ್ಲಿಸುವುದು, "ಏನಂದ ಅವನು?" ಅನ್ನುವುದಕ್ಕೆ ಉತ್ತರ ಕೊಡುವುದು, ಮತ್ತೆ ಓಡಿಸುವುದು. ಒಂದು ಗಂಟೆಯ ಕಂತಿಗೆ ಎರಡು ಸಂಜೆ ಬೇಕಾಗುತ್ತಿತ್ತು. ಆಮೇಲೆ ತಿಳಿಯಿತು, ಸಿಸಿ ಬೇರೆ, ಸಬ್‌ಟೈಟಲ್ ಬೇರೆ. ಸಿಸಿ, ಅಂದರೆ ಕ್ಲೋಸ್ಡ್ ಕ್ಯಾಪ್ಷನ್, ಅಮೆರಿಕದ ಟಿವಿಗಳು ಓದುವ ಗುಪ್ತ ಸಂಕೇತ, ನಮ್ಮ ಟಿವಿಗೆ ಅದು ಗೊತ್ತಾಗುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ವಿಎಲ್‌ಸಿ ಪ್ಲೇಯರ್ ಅನ್ನುವ ತಂತ್ರಾಂಶದಲ್ಲಿ ಹಾಕಿ, ಸಬ್‌ಟೈಟಲ್ ಮೆನುವಿನಲ್ಲಿ ಕ್ಲೋಸ್ಡ್ ಕ್ಯಾಪ್ಷನ್ ಒಂದನೆಯದನ್ನು ಆರಿಸಿದರೆ ಬಂದುಬಿಡುತ್ತದೆ. ದಪ್ಪ ದಪ್ಪ ಅಕ್ಷರ, ಕಪ್ಪು ಪಟ್ಟಿಯ ಮೇಲೆ. ಅಮ್ಮನ ಮುಖ ಅರಳಿತು. ಈ ಒಂದು ವಿಷಯ ಗೊತ್ತಿದ್ದಿದ್ದರೆ ಹತ್ತು ದಿನದ ಪಾಡು ಉಳಿಯುತ್ತಿತ್ತು.

2012ರ ಸಿನಿಮಾಗೆ ಈ ಯಾವ ರಗಳೆಯೂ ಇರಲಿಲ್ಲ. ಬಾಡಿಗೆ ಕಟ್ಟಿದೆ, ಅಕ್ಷರ ಬಂತು, ನೋಡಿದೆವು.

ಈಗ ನಾಟಕಗಳಿಗೆ ಬರುತ್ತೇನೆ.

ಆರು ಕಂತಿನದು ನಿಧಾನ. ಆ ನಿಧಾನ ನನಗೆ ಬೇಸರ ತರಲಿಲ್ಲ. ಹಾಲ್‌ಬ್ರೂಕ್ ಮುಖದಲ್ಲಿ ದಣಿವು ಇಳಿಯುವುದನ್ನು ಕೂತು ನೋಡಬಹುದು. 1976ರಲ್ಲಿ ಅವರಿಗೆ ಇದಕ್ಕೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಯೂ ಬಂತು. ತೊಂದರೆ ಇರುವುದು ಕಂತುಗಳ ಜೋಡಣೆಯಲ್ಲಿ. ಮೊದಲ ಕಂತಿನಲ್ಲಿ ಲಿಂಕನ್ ಆಗಲೇ ವೈಟ್ ಹೌಸ್‌ನಲ್ಲಿದ್ದಾರೆ. ಎರಡನೆಯದರಲ್ಲಿ 1864ರ ಚುನಾವಣೆ. ಮೂರನೆಯದಕ್ಕೆ ಬಂದರೆ ಇಲಿನಾಯ್‌ನಲ್ಲಿ ಹೊಸದಾಗಿ ವಕೀಲಿ ಶುರುಮಾಡಿದ ಹುಡುಗ! ಅಮ್ಮ "ಇವನು ಯಾರು, ತಮ್ಮನಾ?" ಅಂತ ಕೇಳಿದರು. ನೋಡುವವರು ವಕೀಲನ ಕಂತನ್ನು ಮೊದಲು ನೋಡಿ, ಆಮೇಲೆ 1860ರ ಚುನಾವಣೆಯದು, ಉಳಿದದ್ದು ಅದಾದ ಮೇಲೆ. ಇದರಲ್ಲಿ ಮೇರಿಯಾಗಿ ಸೇಡಾ ಥಾಂಪ್ಸನ್ ಇದ್ದಾರೆ. ಗಟ್ಟಿ ನಟಿ. ಆದರೆ ಕಂತುಗಳ ಮಧ್ಯೆ ಕಾಲ ಹಿಂದೆ ಮುಂದೆ ಆಗುವುದರಿಂದ ಮೇರಿಯ ಮನಸ್ಸು ಮೆಲ್ಲಗೆ ಕದಡುತ್ತಾ ಹೋಗುವುದು ನಮಗೆ ಸಿಗಲಿಲ್ಲ.

ಸಿನಿಮಾ ಇರುವುದು ರಾಜಕೀಯಕ್ಕೆ. ಅದು ಹಿಡಿದಿರುವುದು 1865ರ ಜನವರಿಯಿಂದ ಏಪ್ರಿಲ್‌ವರೆಗಿನ ಕೆಲವು ವಾರಗಳನ್ನು ಮಾತ್ರ. ಗುಲಾಮಗಿರಿ ತೆಗೆದುಹಾಕುವ, ಸಂವಿಧಾನದ ಹದಿಮೂರನೇ ತಿದ್ದುಪಡಿಗೆ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಮೂರನೇ ಎರಡು ಭಾಗ ಮತ ಬೇಕು. ಅದನ್ನು ಒಂದೊಂದಾಗಿ ಕೂಡಿಹಾಕುವ ಕಥೆ. ಯಾರಿಗೆ ಕೆಲಸ ಕೊಡಿಸಬೇಕು, ಯಾರನ್ನು ಕರೆದು ಮಾತಾಡಿಸಬೇಕು ಅನ್ನುವುದನ್ನೆಲ್ಲ ನೋಡುವಾಗ ನಮ್ಮ ವಿಧಾನಸೌಧದ ವಿಶ್ವಾಸಮತದ ದಿನಗಳು ನೆನಪಾದವು. ಜನವರಿ 31ರಂದು 119ಕ್ಕೆ 56 ಮತದಲ್ಲಿ ಅದು ಪಾಸಾಗುವುದು ಗೊತ್ತಿದ್ದರೂ ಉಸಿರು ಬಿಗಿಹಿಡಿದು ಕೂತಿದ್ದೆ. ಒಂದು ತಪ್ಪಿದೆ. ಕನೆಕ್ಟಿಕಟ್‌ನ ಇಬ್ಬರು ವಿರುದ್ಧ ಮತ ಹಾಕಿದಂತೆ ತೋರಿಸಿದ್ದಾರೆ. ನಿಜವಾಗಿ ಆ ರಾಜ್ಯದ ನಾಲ್ವರೂ ಪರವಾಗಿ ಹಾಕಿದ್ದರು. ಅಷ್ಟು ದೊಡ್ಡ ವಿಷಯಕ್ಕೆ ಮತ ಹಾಕಿದವರ ಹೆಸರಿಗೆ ಮಸಿ ಬಳಿಯಬಾರದಿತ್ತು ಅನ್ನಿಸಿತು ನನಗೆ.

ಡೇ ಲೂಯಿಸ್ ಬಗ್ಗೆ ಹೇಳುವುದೇನಿದೆ, ಆಸ್ಕರ್ ಬಂದಿದೆ. ಆ ತೆಳ್ಳಗಿನ, ಎತ್ತರದ ಸ್ವರ ಸರಿಯಾದದ್ದೇ. ಲಿಂಕನ್ ದನಿ ಹಾಗಿತ್ತು ಅಂತ ಅವರನ್ನು ಕೇಳಿದವರು ಬರೆದಿಟ್ಟಿದ್ದಾರೆ. ಆದರೆ ಅಮ್ಮ ಅರ್ಧಕ್ಕೇ ತೂಕಡಿಸಿದರು. ಹೆಸರುಗಳು ಜಾಸ್ತಿ, ಮಾತು ಜಾಸ್ತಿ. ಮೇರಿಯಾಗಿ ಸ್ಯಾಲಿ ಫೀಲ್ಡ್ ಬಂದಾಗಲೆಲ್ಲ ನಾನು ಅಮ್ಮನನ್ನು ಎಬ್ಬಿಸುತ್ತಿದ್ದೆ. ಮಗ ಸತ್ತು ಆಗಲೇ ಮೂರು ವರ್ಷ. ದುಃಖ ಹಳೆಯದಾಗಿದೆ, ಜಗಳದಲ್ಲಿ ಮಾತ್ರ ಹೊರಗೆ ಬರುತ್ತದೆ.

1988ರದು ಶುರುವಾಗುವುದೇ 1861ರಲ್ಲಿ, ಲಿಂಕನ್ ಅಧಿಕಾರ ವಹಿಸಿಕೊಳ್ಳಲು ವಾಷಿಂಗ್ಟನ್‌ಗೆ ಬರುವಲ್ಲಿಂದ. ಮುಗಿಯುವುದು ಕೊಲೆಯಲ್ಲಿ. ನಾಲ್ಕು ವರ್ಷ ಒಂದರ ಹಿಂದೆ ಒಂದು ಸಾಲಾಗಿ ಬರುತ್ತವೆ. ಸಂಪುಟದಲ್ಲೇ ಕೂತು ಅಧ್ಯಕ್ಷ ಪದವಿಗೆ ಕಣ್ಣು ಹಾಕಿರುವ ಹಣಕಾಸು ಮಂತ್ರಿ ಚೇಸ್, ಅವರ ಮಗಳು ಕೇಟ್, ಕೈ ಕೊಡುವ ಸೇನಾಪತಿಗಳು ಒಂದು ಕಡೆ. ಹೆಂಡತಿಯ ಸಾಲ, ಅಂಗಡಿ ಬಿಲ್ಲುಗಳು ಇನ್ನೊಂದು ಕಡೆ. ವೈಟ್ ಹೌಸ್ ಸಿಂಗರಿಸಲು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಕೊಟ್ಟ 20,000 ಡಾಲರನ್ನು ಮೇರಿ ಮೀರಿದ್ದು ನಿಜವಾಗಿ ನಡೆದದ್ದೇ. ಮೇರಿಯ ತವರಿನ ಕಡೆಯವರು ದಕ್ಷಿಣದ ಶತ್ರುಪಕ್ಷದಲ್ಲಿ ಯುದ್ಧ ಮಾಡುತ್ತಿದ್ದರು ಅನ್ನುವುದೂ ನಿಜ. ಊರೆಲ್ಲ ಅನುಮಾನದಿಂದ ನೋಡುವಾಗ ಒಬ್ಬ ಹೆಂಗಸು ಅಂಗಡಿಗೆ ಹೋಗಿ ಬಟ್ಟೆ ಮೇಲೆ ಬಟ್ಟೆ ಕೊಳ್ಳುವುದು ಯಾಕೆ ಅಂತ ನನಗೆ ಈ ನಾಟಕದಲ್ಲಿ ಅರ್ಥವಾಯಿತು.

ಮೇರಿಯಾಗಿ ಇರುವುದು ಮೇರಿ ಟೈಲರ್ ಮೂರ್. ನಗೆ ಧಾರಾವಾಹಿಗಳಿಂದ ಅಮೆರಿಕದ ಮನೆಮಾತಾದವರು. ಅವರು 1980ರಲ್ಲಿ ತಮ್ಮ ಒಬ್ಬನೇ ಮಗನನ್ನು ಕಳೆದುಕೊಂಡಿದ್ದರು. ಇದನ್ನು ನಾನು ಅಮ್ಮನಿಗೆ ಮೊದಲು ಹೇಳಿರಲಿಲ್ಲ. ವಿಲ್ಲಿ ಸಾಯುವ ಭಾಗ ಬಂದಾಗ ಅಮ್ಮ ಮೊರ ತೊಡೆ ಮೇಲಿಟ್ಟುಕೊಂಡು ಅವರೆಕಾಳು ಹಿದುಕುತ್ತಿದ್ದರು. ಬೆರಳು ನಿಂತಿತು. ಒಂದು ಕಾಳು ಸಿಪ್ಪೆಯಿಂದ ಅರ್ಧ ಹೊರಗೆ ಬಂದು ಹಾಗೇ ಇತ್ತು. "ನಿಲ್ಲಿಸು ಸ್ವಲ್ಪ" ಅಂದರು. ಎದ್ದು ಹೋಗಿ ನೀರು ಕುಡಿದು ಬಂದರು. ಕೂತು ಮೊರ ಕೆಳಗಿಟ್ಟು, "ಹಾಕು" ಅಂದರು. ಬೇರೆ ಎರಡರಲ್ಲೂ ನಮಗೆ ಹೀಗೆ ಆಗಲಿಲ್ಲ.

ಮೇರಿಯ ದರ್ಜಿ ಎಲಿಜಬೆತ್ ಕೆಕ್ಲಿ ಪಾತ್ರದಲ್ಲಿ ರೂಬಿ ಡೀ ಇದ್ದಾರೆ. ಗುಲಾಮಳಾಗಿ ಹುಟ್ಟಿ, 1,200 ಡಾಲರ್ ಕೊಟ್ಟು ತನ್ನನ್ನೂ ಮಗನನ್ನೂ ಬಿಡಿಸಿಕೊಂಡ ಹೆಂಗಸು ಕೆಕ್ಲಿ. ಆ ಮಗನೂ 1861ರಲ್ಲಿ ಯುದ್ಧದಲ್ಲಿ ಸತ್ತ. ಮಗನನ್ನು ಕಳೆದುಕೊಂಡ ಇಬ್ಬರು ತಾಯಂದಿರು ಒಂದೇ ಕೋಣೆಯಲ್ಲಿ. ಇವರಿಗೆ ಇನ್ನೂ ಹೆಚ್ಚು ಹೊತ್ತು ಕೊಡಬೇಕಿತ್ತು.

ಕೊರತೆ ಇಲ್ಲ ಅಂತಲ್ಲ. ಇದು ಗೋರ್ ವಿಡಾಲ್ ಅವರ 1984ರ ಕಾದಂಬರಿ ಆಧರಿಸಿದ್ದು. ಕಪ್ಪುಜನರನ್ನು ಬೇರೆ ದೇಶಕ್ಕೆ ಕಳಿಸಿ ನೆಲೆಗೊಳಿಸುವ ಲಿಂಕನ್ ಯೋಚನೆ ಎಲ್ಲಿಯವರೆಗೆ ಉಳಿದಿತ್ತು ಅನ್ನುವ ಬಗ್ಗೆ ಆ ಕಾದಂಬರಿಕಾರರಿಗೂ ಇತಿಹಾಸಕಾರರಿಗೂ ದೊಡ್ಡ ಜಗಳವೇ ಆಗಿದೆ. ಹಾಗಾಗಿ ಇದನ್ನು ಪಾಠಪುಸ್ತಕ ಅಂತ ತಿಳಿಯಬೇಡಿ. ಯುದ್ಧಭೂಮಿ ಕಡಿಮೆ. ಚಿತ್ರ ಮಸುಕು.

ವಾಟರ್‌ಸ್ಟನ್ ದನಿ ಇಷ್ಟವಾದವರಿಗೆ ಇನ್ನೊಂದು ವಿಷಯ. 1990ರಲ್ಲಿ ಕೆನ್ ಬರ್ನ್ಸ್ ಮಾಡಿದ ಅಂತರ್ಯುದ್ಧದ ಸಾಕ್ಷ್ಯಚಿತ್ರ ಸರಣಿಯಲ್ಲೂ ಲಿಂಕನ್ ಮಾತುಗಳನ್ನು ಓದಿರುವುದು ಅವರೇ.

ಯಾವುದನ್ನು ತಗೊಳ್ಳಬೇಕು? ನಮ್ಮ ಅಮ್ಮ ಒಂಬತ್ತೂವರೆಗೆ ಮಲಗುತ್ತಾರೆ, ನಮಗೆ ದಿನಕ್ಕೆ ಸಿಗುವುದು ಮುಕ್ಕಾಲು ಗಂಟೆ. 1988ರದು ನಾಲ್ಕು ಸಂಜೆಗೆ ಸರಿಹೋಗುತ್ತದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಒಂದೇ ರಾತ್ರಿ ಎರಡೂವರೆ ಗಂಟೆ ಕೂರುವವರು, ಡಿಸ್ಕು ಕೇಬಲ್ಲು ಬೇಡ ಅನ್ನುವವರು ಸಿನಿಮಾ ನೋಡಿ. ಆರು ಕಂತಿನದು ಈ ಕಾಲಘಟ್ಟ ಆಗಲೇ ಗೊತ್ತಿರುವವರಿಗೆ.

ತರಿಸುವ ಮೊದಲು ಮಾರುವವರ ಹತ್ತಿರ ಎರಡು ಪ್ರಶ್ನೆ ಕೇಳಿ, ಡಿಸ್ಕ್ ಯಾವ ವಲಯದ್ದು, ಅಕ್ಷರ ಬರುವುದು ಸಬ್‌ಟೈಟಲ್ಲಾ ಸಿಸಿಯಾ. ನಮ್ಮ ಡಿಸ್ಕ್ ಈಗ ಅಮ್ಮನ ಗೆಳತಿ, ಇನ್ನೊಬ್ಬ ಟೀಚರ್ ಮನೆಗೆ ಹೊರಟಿದೆ. ಜೊತೆಗೆ ನನ್ನ ಲ್ಯಾಪ್‌ಟಾಪೂ ಹೋಗಬೇಕು.