ಮಾನಿಟರ್ ತಿರುಗಿಸಲು ನಾಲ್ಕು ಮೋಟಾರು, ಪೆಟ್ಟಿಗೆಯಲ್ಲಿ ಉಳಿದದ್ದು ಒಂದು

ಪ್ಯಾಕ್‌ಮ್ಯಾನ್ (1980), ಡಾಂಕಿ ಕಾಂಗ್ (1981) ನಿಂತ ಪರದೆಯ ವಿಡಿಯೊ ಆಟಗಳು, ಅಂದರೆ ಪರದೆಗೆ ಅಗಲಕ್ಕಿಂತ ಎತ್ತರ ಹೆಚ್ಚು. ಸ್ಟ್ರೀಟ್ ಫೈಟರ್ 2 (1991) ಮಲಗಿದ ಪರದೆಯದು. ಮನೆಯಲ್ಲಿ ಆರ್ಕೇಡ್ ಪೆಟ್ಟಿಗೆ (ಇಂಥ ಆಟಗಳನ್ನು ಆಡುವ, ಪರದೆ ಕೂರಿಸಿದ ಪೆಟ್ಟಿಗೆ) ಕಟ್ಟುವವರಿಗೆ ತಲೆನೋವು ಶುರುವಾಗುವುದು ಇಲ್ಲಿಯೇ. 24 ಇಂಚಿನ ಮಾನಿಟರ್ ಅಡ್ಡಲಾಗಿದ್ದರೆ ಪ್ಯಾಕ್‌ಮ್ಯಾನ್‌ಗೆ ಸಿಗುವುದು ಸುಮಾರು 22 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ. ಅದನ್ನೇ ನೆಟ್ಟಗೆ ನಿಲ್ಲಿಸಿದರೆ 30ಕ್ಕೆ 40. ಚಿತ್ರದ ವಿಸ್ತೀರ್ಣ ಮುಕ್ಕಾಲು ಪಾಲು ಹೆಚ್ಚುತ್ತದೆ.

ಕೈಯಿಂದಲೇ ತಿರುಗಿಸಬಹುದಲ್ಲ ಎಂದರೆ, ಖಂಡಿತ ತಿರುಗಿಸಬಹುದು. ಆದರೆ ಆಟ ಆರಿಸಿದೊಡನೆ ಪರದೆ ತಾನೇ ತಿರುಗಬೇಕೆಂಬ ಹುಚ್ಚು ನನ್ನದು. ಅದಕ್ಕಾಗಿ ನಾಲ್ಕು ಬಗೆಯ ಮೋಟಾರು ಹಾಕಿ ನೋಡಿದೆ. ನಾಲ್ಕಕ್ಕೂ ಅಡಿಪಾಯ ಒಂದೇ: ಸ್ಟ್ಯಾಂಡ್ ಕಳಚಿದ ಮೂರೂವರೆ ಕಿಲೋ ಮಾನಿಟರ್, ಅದರ ಬೆನ್ನಿಗೆ 30 ಸೆಂ.ಮೀ. ವ್ಯಾಸದ ಪ್ಲೈವುಡ್ ಬಿಲ್ಲೆ, ಬಿಲ್ಲೆಯ ಹಿಂದೆ ಊಟದ ಮೇಜಿನ ತಿರುಗುವ ತಟ್ಟೆಗೆ ಹಾಕುವ ಚಪ್ಪಟೆ ಬೇರಿಂಗ್. ತಿರುಗಿಸುವ ತಾಕತ್ತು ನಾಲ್ಕಕ್ಕೂ ಇತ್ತು. ಹೇಳಿದ ಕಡೆ ನಿಲ್ಲುವ ವಿಷಯದಲ್ಲಿ ಒಂದೊಂದರ ಬಣ್ಣ ಬಯಲಾಯಿತು.

ಮೊದಲು ತಂದದ್ದು ಎಂಜಿ996ಆರ್ ಸರ್ವೊ, ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರು. ಮಾನಿಟರಿನ ಭಾರದ ಕೇಂದ್ರ ತಿರುಗುವ ಅಚ್ಚಿನಿಂದ 2 ಸೆಂ.ಮೀ. ಆಚೆಗಿತ್ತು. ಅಂದರೆ 7 ಕಿಲೋ-ಸೆಂ.ಮೀ. ತಿರುಗಿಸುವ ಬಲ ಬೇಕು, ಸರ್ವೊ ಸುಮಾರು 10 ಕೊಡುತ್ತದೆ. ಲೆಕ್ಕದಲ್ಲಿ ಗೆದ್ದೆ. ಆದರೆ ಪರದೆ ನಿಂತ ಮೇಲೂ ಚಳಿಜ್ವರ ಬಂದಂತೆ ನಡುಗುತ್ತಿತ್ತು, ಮೋಟಾರು ಗುಂಯ್‌ಗುಡುತ್ತಲೇ ಇತ್ತು. ವಿದ್ಯುತ್ ಹೋಗಿ ಬಂದಾಗಲಂತೂ ಪೂರ್ತಿ ವೇಗದಲ್ಲಿ ಒಮ್ಮೆಲೇ ಎಗರಿತು. ಎರಡೇ ದಿನಕ್ಕೆ ಬಿಚ್ಚಿಟ್ಟೆ.

ಮುಂದಿನದು ಕಾರಿನ ವೈಪರ್ ಮೋಟಾರು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕೇಳಿದರೆ, "ಯಾವ ಗಾಡಿಗೆ ಸಾರ್?" ಎಂದರು. "ಟಿ.ವಿ. ತಿರುಗಿಸಲಿಕ್ಕೆ" ಎಂದೆ. ಅವರು ನನ್ನ ಮುಖ ನೋಡಿ, ಸಿಕ್ಕಿದ್ದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಒಳ್ಳೆಯ ಮೋಟಾರು ಅದು, ಸುಳ್ಳು ಹೇಳಬಾರದು. ಒಳಗೆ ವರ್ಮ್ ಗೇರ್ (ಸ್ಕ್ರೂ ಆಕಾರದ ಗೇರು, ಹೊರಗಿನಿಂದ ನೂಕಿದರೆ ತಿರುಗದು) ಇರುವುದರಿಂದ ವಿದ್ಯುತ್ ತೆಗೆದರೂ ಪರದೆ ಜಾರುವುದಿಲ್ಲ. ಆದರೆ ಇಂಥ ಎಷ್ಟೋ ಮೋಟಾರುಗಳಲ್ಲಿ ಋಣ ತುದಿ ಲೋಹದ ಮೈಗೇ ಸೇರಿರುತ್ತದೆ. ಹಿಂದಕ್ಕೆ ತಿರುಗಿಸಲು ತಂತಿ ಅದಲುಬದಲು ಮಾಡಿದರೆ ಮೈಗೆಲ್ಲ 12 ವೋಲ್ಟ್ ಬರುತ್ತದೆ. ಅದು ಗೊತ್ತಾಗಿದ್ದು ಫ್ಯೂಸ್ ಹಾರಿದ ಮೇಲೆ. ಆಮೇಲೆ ರಬ್ಬರ್ ವಾಷರ್ ಹಾಕಿ ಕೂರಿಸಿದೆ. ನಿಲ್ಲಿಸಿದ ಮೇಲೂ ಎರಡು ಮೂರು ಡಿಗ್ರಿ ಮುಂದೆ ಓಡುತ್ತಿತ್ತು, ಅದನ್ನೂ ಸಹಿಸಿಕೊಂಡೆ. ಒಂದು ರಾತ್ರಿ ಲಿಮಿಟ್ ಸ್ವಿಚ್ಚಿನ (ಪರದೆ ಕೊನೆ ಮುಟ್ಟಿದಾಗ ಮೋಟಾರು ನಿಲ್ಲಿಸುವ ಸ್ವಿಚ್ಚು) ತಗಡಿನ ನಾಲಿಗೆ ಬಗ್ಗಿಹೋಯಿತು. ಮೋಟಾರಿಗೆ ಏನು ಗೊತ್ತು? ತಿರುಗಿಸುತ್ತಲೇ ಹೋಯಿತು. ಎಚ್‌ಡಿಎಂಐ ಕೇಬಲ್ ತಂತಿವಾದ್ಯದಂತೆ ಬಿಗಿಯಾಗಿ, ಮಾನಿಟರಿನ ಸಾಕೆಟ್ಟನ್ನೇ ಕಿತ್ತುಕೊಂಡು ಬಂತು. ಬೇರೆ ಮಾನಿಟರ್ ಕೊಳ್ಳಬೇಕಾಯಿತು.

ಹಾಗಾಗಿ ಮೂರನೆಯ ಸಲ ಹೆದರಿಕೆಯಿಂದ ಆರಿಸಿದೆ: 150 ಮಿ.ಮೀ. ಚಾಚುವ 12 ವೋಲ್ಟ್ ಲೀನಿಯರ್ ಆ್ಯಕ್ಚುಯೇಟರ್, ಅಂದರೆ ನೇರಕ್ಕೆ ಚಾಚಿ ಒಳಸರಿಯುವ ದಂಡವಿರುವ ಮೋಟಾರು. ಎರಡೇ ತಂತಿ. ಲಿಮಿಟ್ ಸ್ವಿಚ್ ಒಳಗೇ ಇರುತ್ತದೆ, ಆದ್ದರಿಂದ ತುದಿ ಮುಟ್ಟಿದರೆ ತಾನೇ ನಿಲ್ಲುತ್ತದೆ. ತಿರುಗಲು 15 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಮಗಳು ಬೇರೆ ಆಟ ಕೇಳುತ್ತಾಳೆ. ಅದಕ್ಕಿಂತ ದೊಡ್ಡ ಕಾಟ ಅಳತೆಯದು. ಸರಿಯಾಗಿ 90 ಡಿಗ್ರಿ ಬರಬೇಕಾದರೆ ದಂಡವನ್ನು ಬಿಲ್ಲೆಗೆ ಸೇರಿಸುವ ಬೋಲ್ಟು ಅಚ್ಚಿನಿಂದ 106 ಮಿ.ಮೀ. ದೂರದಲ್ಲಿರಬೇಕು. ಒಂದೇ ಮಿ.ಮೀ. ತಪ್ಪಿದರೂ ಪರದೆ ಸುಮಾರು ಒಂದು ಡಿಗ್ರಿ ಓರೆ, ಅಂದರೆ ಈ ತುದಿಗೂ ಆ ತುದಿಗೂ 9 ಮಿ.ಮೀ. ವ್ಯತ್ಯಾಸ. ಮೂರು ಸಲ ರಂಧ್ರ ಕೊರೆದೆ. ಮೂರೂ ಒಂದಕ್ಕೊಂದು ಸೇರಿ ಉದ್ದನೆಯ ಸೀಳಾಯಿತು.

ಈಗ ಪೆಟ್ಟಿಗೆಯಲ್ಲಿರುವುದು ನೀಮಾ 17 ಸ್ಟೆಪ್ಪರ್, ಎಣಿಸಿದ ಪುಟ್ಟ ಹೆಜ್ಜೆಗಳಲ್ಲಿ ತಿರುಗುವ ಮೋಟಾರು. ಎಸ್.ಪಿ. ರಸ್ತೆಯಿಂದ ತಂದ 20 ಹಲ್ಲಿನ ಪುಲ್ಲಿ, ಅದಕ್ಕೆ ಹೊಂದುವ ಹಲ್ಲಿನ ಜಿಟಿ2 ಬೆಲ್ಟ್. ಬೆಲ್ಟನ್ನು ಬಿಲ್ಲೆಯ ಅಂಚಿಗೆ ಸುತ್ತಿ ಎರಡೂ ತುದಿಗಳನ್ನು ಸ್ಕ್ರೂ ಹಾಕಿ ಬಿಗಿದಿದ್ದೇನೆ. ತಿರುಗುವುದು ಕಾಲು ಸುತ್ತು ಮಾತ್ರವಾದ್ದರಿಂದ ಅಷ್ಟು ಸಾಕು. ಮೋಟಾರು ಇಪ್ಪತ್ತಮೂರೂವರೆ ಸುತ್ತು ಸುತ್ತಿದರೆ ಬಿಲ್ಲೆ ಒಂದು ಸುತ್ತು. ಮೋಟಾರಿನ ಒಂದು ಹೆಜ್ಜೆ 1.8 ಡಿಗ್ರಿ, ಹಾಗಾಗಿ ಪರದೆ ಕದಲುವುದು 0.08 ಡಿಗ್ರಿಗಿಂತ ಕಡಿಮೆ. ಓರೆ ಕಂಡರೆ ಡ್ರಿಲ್ ಹುಡುಕಬೇಕಿಲ್ಲ, ಮೋಟಾರನ್ನು ನಡೆಸುವ ಆರ್ಡುಯಿನೊ (ಪುಟ್ಟ ಕಂಪ್ಯೂಟರ್ ಹಲಗೆ) ಪ್ರೋಗ್ರಾಮಿನಲ್ಲಿ ಕಾಲು ಸುತ್ತಿನ ಹೆಜ್ಜೆ 1178 ಇದ್ದದ್ದನ್ನು 1180 ಮಾಡಿದರಾಯಿತು. ಮೋಟಾರಿಗೆ ವಿದ್ಯುತ್ ಅಳೆದು ಕೊಡುವ ಟಿಎಂಸಿ2209 ಡ್ರೈವರ್ ಚಿಪ್ ಹಾಕಿದ ಮೇಲೆ ಸದ್ದೂ ಅಡಗಿತು. ದೋಷವಿಲ್ಲವೆಂದಲ್ಲ: ವಿದ್ಯುತ್ ಹೋದರೆ ಹಿಡಿತ ಸಡಿಲ. ಮಾನಿಟರಿನ ಬೆನ್ನಿಗೆ ಎದುರುಭಾರ ಅಂಟಿಸಿ ತೂಕ ಸಮ ಮಾಡಿದ್ದೇನೆ. ಶುರುವಾದಾಗಲೆಲ್ಲ ಮೆಲ್ಲನೆ ಹೋಗಿ ಲಿಮಿಟ್ ಸ್ವಿಚ್ ಮುಟ್ಟಿ ತನ್ನ ನೆಲೆ ಕಂಡುಕೊಳ್ಳುತ್ತದೆ. ಯಾವ ಆಟಕ್ಕೆ ಯಾವ ಕಡೆ ಎಂಬುದು ಮೇಮ್ (ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ನಡೆಸುವ ತಂತ್ರಾಂಶ) ಕೊಡುವ ಪಟ್ಟಿಯಲ್ಲೇ ಇದೆ. ಪ್ಯಾಕ್‌ಮ್ಯಾನ್ ಎದುರು 90 ಎಂದಿರುತ್ತದೆ. ಚಿಕ್ಕದೊಂದು ಸ್ಕ್ರಿಪ್ಟ್ ಅದನ್ನು ಓದಿ ಆರ್ಡುಯಿನೊಗೆ ಒಂದಕ್ಷರ ಕಳಿಸುತ್ತದೆ.

ಪ್ರೋಗ್ರಾಮಿಂಗ್ ಒಲ್ಲದವರು ಆ್ಯಕ್ಚುಯೇಟರ್ ಹಾಕಿಕೊಳ್ಳಲಿ, ಬೋಲ್ಟಿಗೆ ಮೊದಲೇ ಸೀಳು ಕೊರೆದಿಡಲಿ. ಮೋಟಾರು ಯಾವುದೇ ಇರಲಿ, ಹಲಗೆ ಕೊಯ್ಯುವ ಮೊದಲು ಮಾನಿಟರಿನ ಮೂಲೆಯಿಂದ ಮೂಲೆಗೆ ಅಳೆಯಿರಿ. ಪರದೆಯ ಅಗಲ 53 ಸೆಂ.ಮೀ. ಆದರೂ ತಿರುಗುವಾಗ ಮೂಲೆಗಳು 61 ಸೆಂ.ಮೀ. ಕೇಳುತ್ತವೆ, ಚೌಕಟ್ಟು ಬೇರೆ. ನನ್ನ ಮೊದಲ ಪೆಟ್ಟಿಗೆಯ ಒಳಗಲ 58 ಇತ್ತು. ಅದರಲ್ಲೀಗ ಮಗಳ ಪುಸ್ತಕಗಳಿವೆ.