ಅಟ್ಟ ಹತ್ತದೆ ಮಾಡಿದ ತಪಾಸಣೆ, ಅಟ್ಟ ಹತ್ತಿ ಮಾಡಿದ ರಿಪೇರಿ

ಡಲ್ಲಾಸ್‌ನ ಉತ್ತರಕ್ಕಿರುವ ಪ್ಲೇನೋದ ನಮ್ಮ ಎರಡು ಮಹಡಿಯ ಮನೆಯ ಅಟ್ಟದಲ್ಲಿ ಚಳಿಗಾಲಕ್ಕೆ ಮನೆ ಬಿಸಿಮಾಡುವ ಒಂದು ಗ್ಯಾಸ್ ಫರ್ನೇಸ್, ಅದಕ್ಕೆ ಜೋಡಿಸಿದ, ಗಾಳಿಯನ್ನು ತಂಪು ಮಾಡುವ ಎಸಿಯ ಒಳಕಾಯಿಲ್, ಅಲ್ಲಿಂದ ಒಂದೊಂದು ಕೋಣೆಗೂ ಹಬ್ಬಿರುವ ಬೆಳ್ಳಿಬಣ್ಣದ ಡಕ್ಟುಗಳು, ಅಂದರೆ ಗಾಳಿಯ ಕೊಳವೆಗಳು, ಇವೆ. 2025ರ ಜುಲೈಯಲ್ಲಿ ಇವು ಕೈಕೊಟ್ಟಾಗ ಎರಡು ಸಂಸ್ಥೆಗಳನ್ನು ಕರೆಸಬೇಕಾಯಿತು. ಈ ವಿಮರ್ಶೆ ಮುಖ್ಯವಾಗಿ ಎರಡನೆಯವರ ಕೆಲಸವನ್ನು ಕುರಿತದ್ದು. ಆದರೆ ಮೊದಲನೆಯವರ ಕಥೆ ಹೇಳದಿದ್ದರೆ ಎರಡನೆಯವರ ಕೆಲಸದ ತೂಕ ತಿಳಿಯುವುದಿಲ್ಲ. ಇಬ್ಬರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಮನೆಯಲ್ಲಿ ಅಟ್ಟವೆಂದರೆ ತಾಮ್ರದ ಹಂಡೆ, ಮುರಿದ ತೊಟ್ಟಿಲು, ಅಡಿಕೆ ಚೀಲ, ಹೆಂಚಿನ ಸಂದಿಯಿಂದ ನುಸುಳುವ ಗಾಳಿ. ಟೆಕ್ಸಸ್‌ನ ಅಟ್ಟದ ಸಂಗತಿಯೇ ಬೇರೆ. ಇಲ್ಲಿನ ಜೇಡಿಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ನೆಲಮಾಳಿಗೆ ತೋಡುವ ರೂಢಿ ತೀರ ಕಡಿಮೆ. ಷಿಕಾಗೋ ಕಡೆಯವರು ನೆಲಮಾಳಿಗೆಯಲ್ಲಿ ಇರಿಸುವ ಯಂತ್ರವನ್ನು ಇಲ್ಲಿನ ಬಿಲ್ಡರುಗಳು, ಕೆಳಗೆ ವಾಸದ ಜಾಗ ಉಳಿಯಲೆಂದು, ಸೂರಿನಡಿಗೆ ಏರಿಸಿಬಿಡುತ್ತಾರೆ. ಬೇಸಗೆಯ ಮಧ್ಯಾಹ್ನ ಅಲ್ಲಿನ ಉಷ್ಣತೆ 130 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 54 ಸೆಲ್ಸಿಯಸ್, ದಾಟುವುದು ಸಾಮಾನ್ಯ. ಮನೆಯನ್ನು ತಂಪಾಗಿಡಬೇಕಾದ ಯಂತ್ರ ಮನೆಯಲ್ಲೇ ಅತ್ಯಂತ ಬಿಸಿಯಾದ ಮೂಲೆಯಲ್ಲಿ ಕೂತಿರುತ್ತದೆ, ಅದನ್ನು ದುರಸ್ತಿ ಮಾಡುವವನೂ ಅಲ್ಲೇ ಮಂಡಿಯೂರಬೇಕು. ಹೀಗಾಗಿ ಹತ್ತಲು ಹಿಂಜರಿಯುವ ಟೆಕ್ನಿಷಿಯನ್‌ನ ಬಗ್ಗೆ ನನಗೆ ಕನಿಕರವಿದೆ. ಹತ್ತದೆಯೇ ಬಿಲ್ ಬರೆಯುವವನ ವಿಷಯದಲ್ಲಿ ಆ ಕನಿಕರ ಉಳಿಯುವುದಿಲ್ಲ.

ತೊಂದರೆ ಕಾಣಿಸಿಕೊಂಡದ್ದು ಹೀಗೆ: ಥರ್ಮೋಸ್ಟಾಟನ್ನು 76 ಡಿಗ್ರಿ ಫ್ಯಾರನ್‌ಹೀಟಿಗೆ ಇಟ್ಟಿದ್ದರೂ ಮೇಲ್ಮಹಡಿ ಸಂಜೆ 82ರಿಂದ ಇಳಿಯುತ್ತಿರಲಿಲ್ಲ, ಒಂದು ಬೆಳಿಗ್ಗೆ ಮೇಲಿನ ಪಡಸಾಲೆಯ ಸೀಲಿಂಗಿನಲ್ಲಿ ದೋಸೆಯಷ್ಟು ಅಗಲದ ಕಂದು ಕಲೆ ಮೂಡಿತ್ತು. ಎಲ್ಲೆಡೆ ಜಾಹೀರಾತು ಕೊಡುವ ಒಂದು ದೊಡ್ಡ ಸಂಸ್ಥೆ 79 ಡಾಲರಿಗೆ ಪೂರ್ಣ ತಪಾಸಣೆ ಎಂದಿತ್ತು. ಮಧ್ಯಾಹ್ನ ಎರಡು ಗಂಟೆಗೆ ಬಂದ ಯುವಕ ಹೊರಗಿನ ಕಂಡೆನ್ಸರಿನ (ಮನೆಯ ಬಿಸಿಯನ್ನು ಹೊರಗೆ ಬಿಡುವ ಎಸಿಯ ಪೆಟ್ಟಿಗೆ) ಬಳಿ ಐದು ನಿಮಿಷ ನಿಂತ, ಅಟ್ಟದ ಮಡಚು ಏಣಿಯನ್ನು ಇಳಿಸಿದ, ಮೇಲಿನ ಮೆಟ್ಟಿಲಲ್ಲಿ ನಿಂತು ಟಾರ್ಚ್ ಬೀಸಿ ಇಳಿದುಬಂದ. ಬಳಿಕ ಟ್ಯಾಬ್ಲೆಟ್ಟಿನಲ್ಲಿ ಮೂರು ಮಾತು ತೋರಿಸಿದ: ಕಾಯಿಲ್ ತುಕ್ಕು ಹಿಡಿದಿದೆ, ಫರ್ನೇಸಿನ ಹೀಟ್ ಎಕ್ಸ್‌ಚೇಂಜರ್ (ಉರಿಯ ಬಿಸಿಯನ್ನು ಮನೆಯ ಗಾಳಿಗೆ ದಾಟಿಸುವ ಲೋಹದ ಕೋಶಗಳು) ಬಿರುಕುಬಿಟ್ಟಿದೆ, ನಿಮ್ಮ ಯಂತ್ರದಲ್ಲಿ ತಂಪು ಮಾಡಲು ಬಳಸುವ ಆರ್-410ಎ ಅನಿಲ ಈಗ ನಿಷೇಧವಾಗಿದೆ. ಇಡೀ ವ್ಯವಸ್ಥೆ ಬದಲಿಸಲು 16,400 ಡಾಲರ್. ಇವತ್ತೇ ಸಹಿ ಹಾಕಿದರೆ ಸಾವಿರ ಕಡಿತ.

ಅಟ್ಟಕ್ಕೆ ಹಾರದವನು ಬೆಟ್ಟಕ್ಕೆ ಹಾರಿಯಾನೇ ಎಂಬ ಗಾದೆ ನೆನಪಾಯಿತು. ಮೂರನೆಯ ಮಾತಿನಲ್ಲಿ ಅರ್ಧ ಸತ್ಯವಿದ್ದುದರಿಂದ ಅದನ್ನು ಬಿಡಿಸಿ ಹೇಳಬೇಕು. ಅಮೆರಿಕದಲ್ಲಿ 2025ರ ಜನವರಿ 1ರಿಂದ ಆರ್-410ಎ ಬಳಸುವ ಹೊಸ ಮನೆ ಎಸಿಗಳ ತಯಾರಿಕೆ ನಿಂತಿದೆ. ಅವುಗಳ ಜಾಗಕ್ಕೆ ಆರ್-454ಬಿ ಮತ್ತು ಆರ್-32 ಬಂದಿವೆ. ಆದರೆ ಈಗಾಗಲೇ ಮನೆಯಲ್ಲಿರುವ ಯಂತ್ರವನ್ನು ಬಳಸುವುದಕ್ಕಾಗಲಿ, ರಿಪೇರಿ ಮಾಡಿಸುವುದಕ್ಕಾಗಲಿ, ಅದಕ್ಕೆ ಹಳೆಯ ಅನಿಲವನ್ನೇ ತುಂಬಿಸುವುದಕ್ಕಾಗಲಿ ಯಾವ ತಡೆಯೂ ಇಲ್ಲ. ಬಿರುಕನ್ನು ಏಣಿಯ ಮೆಟ್ಟಿಲಿನಿಂದ ಹೇಗೆ ಕಂಡಿರಿ ಎಂಬ ನನ್ನ ಪ್ರಶ್ನೆಗೆ ಯುವಕನ ಬಳಿ ಉತ್ತರವಿರಲಿಲ್ಲ. 79 ಡಾಲರ್ ಕೊಟ್ಟು ಕಳಿಸಿದೆ.

ಎರಡನೆಯದು ಅಪ್ಪ ಮಗ ಇಬ್ಬರೇ ನಡೆಸುವ ಸಣ್ಣ ಸಂಸ್ಥೆ. ಟೆಕ್ಸಸ್‌ನಲ್ಲಿ ಈ ಕೆಲಸದ ಗುತ್ತಿಗೆದಾರರಿಗೆ ರಾಜ್ಯದ ಪರವಾನಗಿ ಇಲಾಖೆಯ ಲೈಸೆನ್ಸ್ ಬೇಕು. ಅದರ ಸಂಖ್ಯೆ ವಾಹನದ ಮೇಲೂ ಬಿಲ್ಲಿನಲ್ಲೂ ಇರಬೇಕು, ಇಲಾಖೆಯ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ಹುಡುಕಬಹುದು. ನಾನು ಹುಡುಕಿಯೇ ಕರೆದೆ. ಬೆಳಿಗ್ಗೆ ಏಳಕ್ಕೆ ಮಾತ್ರ ಬರುತ್ತೇವೆ, ಹತ್ತರ ಮೇಲೆ ಅಟ್ಟದಲ್ಲಿ ಕೆಲಸ ಮಾಡುವುದಿಲ್ಲ ಎಂದು ಅಪ್ಪ ಫೋನಿನಲ್ಲೇ ಹೇಳಿದಾಗ ಅರ್ಧ ನಂಬಿಕೆ ಬಂತು.

ಮೇಲೆ ಹತ್ತಿದ ಅಪ್ಪ ಮೊದಲು ಗೊಣಗಿದ್ದು ನಮ್ಮ ಬಗ್ಗೆಯೇ. ಫರ್ನೇಸಿನ ಮುಂದೆ ಮೂವತ್ತು ಅಂಗುಲ ಉದ್ದಗಲದ ತೆರವಾದ, ಸಮತಟ್ಟಾದ ಜಾಗ ಬಿಡಬೇಕೆಂದು ಕಟ್ಟಡ ಸಂಹಿತೆ ಹೇಳುತ್ತದೆ. ನಾವು ಅಲ್ಲಿ ದಸರಾ ಗೊಂಬೆಗಳ ಆರು ಪೆಟ್ಟಿಗೆ ಪೇರಿಸಿದ್ದೆವು. ಇಳಿಸಿ ತೆರೆದು ನೋಡಿದರೆ ಚನ್ನಪಟ್ಟಣದ ಗೊಂಬೆಗಳ ಅರಗು ಬಿಸಿಗೆ ಮೆತ್ತಗಾಗಿ, ಸುತ್ತಿದ್ದ ಪತ್ರಿಕೆಯ ಅಕ್ಷರಗಳು ರಾಜನ ಹೊಟ್ಟೆಯ ಮೇಲೆ ಅಚ್ಚಾಗಿದ್ದವು.

ನೀರಿನ ವಿಷಯವನ್ನು ಅವನು ವಿವರಿಸಿದ ರೀತಿ ನನಗೆ ಬಹಳ ಹಿಡಿಸಿತು. ಕಾಯಿಲಿನ ಮೇಲೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಆ ನೀರು ಮುಖ್ಯ ಕೊಳವೆಯಲ್ಲಿ ಹರಿದು ನಮ್ಮ ಮನೆಯಲ್ಲಿ ಬಚ್ಚಲಿನ ಸಿಂಕಿನ ಕೆಳಗೆ ಸೇರುತ್ತದೆ. ಆ ಕೊಳವೆ ಕಟ್ಟಿಕೊಂಡರೆ ಯಂತ್ರದಡಿಯ ಅಗಲ ತಟ್ಟೆ ನೀರನ್ನು ಹಿಡಿಯುತ್ತದೆ. ಆ ತಟ್ಟೆಯಿಂದ ಹೊರಟ ಎರಡನೆಯ ಕೊಳವೆಯ ಬಾಯಿಯನ್ನು ಬೇಕೆಂದೇ ಒಂದು ಕಿಟಕಿಯ ಮೇಲೆ, ಎಲ್ಲರ ಕಣ್ಣಿಗೆ ಬೀಳುವಂತೆ ಬಿಟ್ಟಿರುತ್ತಾರೆ. ಅದೂ ಕಟ್ಟಿ ತಟ್ಟೆ ತುಂಬುತ್ತ ಬಂದರೆ ಫ್ಲೋಟ್ ಸ್ವಿಚ್ ತೇಲಿ ಮೇಲೆದ್ದು ಯಂತ್ರವನ್ನೇ ನಿಲ್ಲಿಸಬೇಕು. ನಮ್ಮಲ್ಲಿ ಈ ಮೂರೂ ಒಂದರ ಹಿಂದೊಂದು ಸೋತಿದ್ದವು. ಮುಖ್ಯ ಕೊಳವೆಯಲ್ಲಿ ಪಾಚಿಯಂಥ ಲೋಳೆ ಗಟ್ಟಿಯಾಗಿತ್ತು. ಜೂನ್ ತಿಂಗಳಲ್ಲಿ ಮೂರು ವಾರ ಮಗಳ ಕೋಣೆಯ ಕಿಟಕಿಯ ಮೇಲಿನಿಂದ ನೀರು ತೊಟ್ಟಿಕ್ಕುತ್ತಿದ್ದುದನ್ನು ನಾನು ಕಂಡಿದ್ದೆ; ಎಸಿ ಎಂದರೆ ನೀರು ಬಿಡುತ್ತದೆ ಎಂದುಕೊಂಡು ಸುಮ್ಮನಿದ್ದೆ, ಅದು ನಿಂತಾಗ ಸರಿಹೋಯಿತೆಂದೂ ಭಾವಿಸಿದೆ. ತಟ್ಟೆಯ ತುಕ್ಕಿನ ಹಕ್ಕಳೆಗಳು ಆ ಕೊಳವೆಯ ಬಾಯಿಗೂ ಬಂದು ಕೂತಿದ್ದರಿಂದ ನೀರು ನಿಂತದ್ದು. ಕೊನೆಯ ಕಾವಲಾದ ಫ್ಲೋಟ್ ಸ್ವಿಚ್‌ನ ಎರಡು ತಂತಿಗಳನ್ನು ಹಿಂದೆ ಯಾರೋ, ಪದೇ ಪದೇ ಯಂತ್ರ ನಿಲ್ಲುತ್ತದೆಂಬ ಬೇಸರಕ್ಕಿರಬೇಕು, ಸ್ವಿಚ್ ಕೆಲಸ ಮಾಡದಂತೆ ಒಂದಕ್ಕೊಂದು ತಿರುಚಿ, ತುದಿಗೆ ಹಳದಿ ಪ್ಲಾಸ್ಟಿಕ್ ಟೋಪಿ ಹಾಕಿ ಬಿಟ್ಟಿದ್ದರು. ಅದರ ಫೋಟೋ ತೆಗೆದು ತೋರಿಸಿದ ಮೇಲೆಯೇ ಅವನು ಹೊಸ ಸ್ವಿಚ್ ಜೋಡಿಸಿದ್ದು. ಜೋಡಿಸಿ, ತಟ್ಟೆಗೆ ಒಂದು ಚೊಂಬು ನೀರು ಸುರಿದು, ಯಂತ್ರ ತಾನಾಗಿ ನಿಲ್ಲುವುದನ್ನು ನನ್ನ ಕಣ್ಣೆದುರೇ ಖಚಿತಪಡಿಸಿದ.

ಸೆಕೆಗೆ ಕಾರಣ ಬೇರೆ ಎರಡು ಇದ್ದವು. ಮೇಲ್ಮಹಡಿಗೆ ಹೋಗುವ ಡಕ್ಟು ಗಾಳಿ ಹಂಚುವ ಮುಖ್ಯ ಪೆಟ್ಟಿಗೆಯನ್ನು ಸೇರುವ ಕಡೆ ಸುತ್ತಿದ್ದ ಬಟ್ಟೆಯ ಟೇಪು ಅಟ್ಟದ ಕಾವಿಗೆ ಒಣಗಿ ಹಪ್ಪಳದಂತೆ ಎದ್ದುನಿಂತಿತ್ತು; ಬಿಲ್ ಕಟ್ಟಿ ತಂಪು ಮಾಡಿದ ಗಾಳಿ ಸೂರಿನಡಿಗೆ ಹೋಗುತ್ತಿತ್ತು. ಸಾಮಾನ್ಯ ಮನೆಯಲ್ಲಿ ಡಕ್ಟಿನೊಳಗೆ ಸಾಗುವ ಗಾಳಿಯ ಶೇ. 20ರಿಂದ 30ರಷ್ಟು ಸೋರಿಕೆ ಮತ್ತು ಕೆಟ್ಟ ಜೋಡಣೆಯಿಂದ ನಷ್ಟವಾಗುತ್ತದೆಂದು ಅಮೆರಿಕ ಸರ್ಕಾರದ ಇಂಧನ ಉಳಿತಾಯದ ಎನರ್ಜಿ ಸ್ಟಾರ್ ಕಾರ್ಯಕ್ರಮದವರು ಹೇಳುವುದನ್ನು ಓದಿದ್ದೆ. ಆ ಸಂದಿಗೆ ಅಂಗೈ ಹಿಡಿದಾಗ ನಂಬಿದೆ. ಮಗ ಅದಕ್ಕೆ ಜಾಲರಿ ಸುತ್ತಿ, ಮ್ಯಾಸ್ಟಿಕ್ ಎಂಬ ಬೂದು ಲೇಪವನ್ನು ಗೋಡೆಗೆ ಗಾರೆ ಬಳಿಯುವಂತೆ ದಪ್ಪಗೆ ಬಳಿದ. ಇನ್ನೊಂದು ಕಾರಣ ಹೊರಗಿನ ಕಂಡೆನ್ಸರಿನಲ್ಲಿತ್ತು: ಮೋಟಾರಿಗೆ ಚಾಲನೆ ಕೊಡುವ, 45 ಮೈಕ್ರೋಫ್ಯಾರಡ್ ಇರಬೇಕಾದ ಕೆಪಾಸಿಟರ್ ಬಲ ಕುಂದಿ 37 ತೋರಿಸುತ್ತಿತ್ತು. ಒಳಹೋಗುವ ಮತ್ತು ಹೊರಬರುವ ಗಾಳಿಯ ಉಷ್ಣತೆಯ ಅಂತರ ಕೆಲಸಕ್ಕೆ ಮೊದಲು 13 ಡಿಗ್ರಿ, ಮುಗಿದ ಮೇಲೆ 19 ಡಿಗ್ರಿ. ಎರಡನ್ನೂ ಅವರು ಬಿಲ್ಲಿನಲ್ಲೇ ಬರೆದುಕೊಟ್ಟಿದ್ದಾರೆ.

ಇನ್ನು ಆ ಬಿರುಕು. ಎಸಿಗೆ ಕೈಹಾಕುವ ಮೊದಲೇ, ಹೊರಗೆ ಇನ್ನೂ ತಂಪಿದ್ದಾಗ, ಅಪ್ಪ ಫರ್ನೇಸನ್ನು ಹತ್ತು ನಿಮಿಷ ಉರಿಸಿದ. ಜುಲೈಯಲ್ಲಿ ಹೀಟರ್ ಹಾಕಿಸಿಕೊಂಡ ಮನೆ ಆ ಬೀದಿಯಲ್ಲಿ ನಮ್ಮದೊಂದೇ ಇದ್ದೀತು. ಬಿರುಕಿದ್ದರೆ ಗಾಳಿ ತಳ್ಳುವ ಬ್ಲೋವರ್ ಶುರುವಾದೊಡನೆ ಜ್ವಾಲೆ ಅಲುಗಾಡುವುದುಂಟು. ನಮ್ಮದು ನೀಲಿಯಾಗಿ ನೆಟ್ಟಗೆ ನಿಂತಿತ್ತು. ಅಷ್ಟಕ್ಕೇ ಬಿಡದೆ, ಆರಿದ ಮೇಲೆ ತೆಳ್ಳಗಿನ ಕ್ಯಾಮೆರಾ ತೂರಿಸಿ ಒಂದೊಂದು ಕೋಶದ ಒಳಭಾಗವನ್ನೂ ತೋರಿಸಿದ. ಬಿರುಕು ಇರಲಿಲ್ಲ. ಹೀಟ್ ಎಕ್ಸ್‌ಚೇಂಜರ್ ನಿಜಕ್ಕೂ ಬಿರಿದರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಬರುವ ಅಪಾಯವಿರುವುದರಿಂದ ಆ ಮಾತಿಗೆ ಯಾರೂ ಹೆದರುತ್ತಾರೆ. ಆ ಹೆದರಿಕೆಯನ್ನು ವ್ಯಾಪಾರಕ್ಕೆ ಬಳಸಿದ್ದೇ ನನಗೆ ಮೊದಲ ಸಂಸ್ಥೆಯ ಮೇಲಿರುವ ದೊಡ್ಡ ಸಿಟ್ಟು.

ಒಟ್ಟು 685 ಡಾಲರ್ ಆಯಿತು. ಇದರಲ್ಲಿ ಕೆಪಾಸಿಟರಿಗೆ 210 ಹಾಕಿದ್ದು ಒಪ್ಪುವಂಥದ್ದಲ್ಲ. ಬಿಡಿಯಾಗಿ ಕೊಂಡರೆ ಮೂವತ್ತರ ಆಸುಪಾಸಿನಲ್ಲಿ ಸಿಗುವ ವಸ್ತು ಅದು. ಕೇಳಿದ್ದಕ್ಕೆ ಅಪ್ಪ, ವಸ್ತುವಿನ ಜೊತೆ ನಾನು ಬಂದದ್ದೂ ಸೇರಿದೆ ಎಂದ. ಬಂದದ್ದಕ್ಕೆ 95 ಡಾಲರ್ ಬೇರೆ ಹಾಕಿದ್ದೀಯಲ್ಲ ಎಂದರೆ ನಕ್ಕುಬಿಟ್ಟ, ಕಡಿಮೆ ಮಾಡಲಿಲ್ಲ. ಓಡಾಡುವಾಗ ಸರಿಸಿದ ಗಾಜಿನ ನಾರಿನ ಇನ್ಸುಲೇಷನ್ ಅನ್ನು ಮತ್ತೆ ಹರಡದೆ ಹೋಗಿದ್ದರಿಂದ ಒಂದು ಕಡೆ ಸೀಲಿಂಗ್ ಹಲಗೆ ಬೋಳಾಗಿ ಕಾಣುತ್ತಿತ್ತು; ಮಾಸ್ಕ್ ಹಾಕಿಕೊಂಡು ನಾನೇ ಸರಿಪಡಿಸಿದೆ. ಅವರ ಸರದಿ ಸಿಗಲು ಆರು ದಿನ ಕಾಯಬೇಕಾಯಿತು, ಡಲ್ಲಾಸ್‌ನ ಜುಲೈಯಲ್ಲಿ ಆರು ದಿನ ಸಣ್ಣ ಅವಧಿಯಲ್ಲ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಡಿದ ಒಂದು ನಕ್ಷತ್ರ ಕೆಪಾಸಿಟರಿನ ಲೆಕ್ಕಕ್ಕೆ.

ಅಂದಿನಿಂದ ತಿಂಗಳಿಗೊಮ್ಮೆ ಮುಖ್ಯ ಕೊಳವೆಯ ತೆರಪಿನಲ್ಲಿ ಒಂದು ಲೋಟ ಬಿಳಿ ವಿನೆಗರ್ ಸುರಿಯುತ್ತಿದ್ದೇನೆ, ಮಗಳ ಕಿಟಕಿಯ ಮೇಲೊಂದು ಕಣ್ಣಿಟ್ಟಿದ್ದೇನೆ. ಗೊಂಬೆಗಳು ಕೆಳಗಿನ ಕಪಾಟಿಗೆ ಇಳಿದಿವೆ. ಚಳಿಗೆ ಮುನ್ನ ಫರ್ನೇಸಿನ ತಪಾಸಣೆಗೆ ಅಕ್ಟೋಬರಿನಲ್ಲಿ ಇದೇ ಅಪ್ಪ ಮಗನನ್ನೇ ಕರೆದಿದ್ದೇನೆ. ಕೆಲಸದ ಪಟ್ಟಿಯೂ ದರವೂ ಮೊದಲೇ ಬರಹದಲ್ಲಿ ಬೇಕೆಂದು ಈ ಸಲ ಹೇಳಿದ್ದೇನೆ, ಒಪ್ಪಿದ್ದಾರೆ.