ನಡಿಗೆ, ಈಜು, ಶಟಲ್, ಜಿಮ್, ಡಂಬೆಲ್: ಉಡುಪಿಯ ಮಳೆಗಾಲ ದಾಟಿದ್ದು ಯಾವುದು?

ನಮ್ಮ ಅಡುಗೆಮನೆ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಉಂಟು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಸಂಕ್ರಮಣ, ಎಲ್ಲ ಅದರಲ್ಲೇ. ಎರಡು ವರ್ಷದಿಂದ ಇನ್ನೊಂದು ಬಗೆಯ ಗುರುತೂ ಅದರಲ್ಲಿ ಬೀಳುತ್ತಿದೆ. ನಡೆದ ದಿನ ‘ನ’, ಈಜಿದ ದಿನ ‘ಈ’, ಶಟಲ್ ಆಡಿದರೆ ‘ಶ’, ಜಿಮ್‌ಗೆ ಹೋದರೆ ‘ಜಿ’, ಮನೆಯಲ್ಲಿ ಡಂಬೆಲ್ ಎತ್ತಿದರೆ ‘ಡ’. ತೂಕ ಇಳಿಸಲು ಯಾವ ವ್ಯಾಯಾಮ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಜುಲೈ ತಿಂಗಳ ಹಾಳೆ ತೋರಿಸುತ್ತೇನೆ. ಡಿಸೆಂಬರಿನಲ್ಲಿ ಎಲ್ಲ ವ್ಯಾಯಾಮವೂ ಒಳ್ಳೆಯದೇ. ನಮ್ಮ ಊರಲ್ಲಿ ಯಾವುದು ಉಳಿಯುತ್ತದೆ ಅಂತ ಗೊತ್ತಾಗುವುದು ಜುಲೈಯಲ್ಲಿ.

ಶುರುವಾದದ್ದು ಒಂದು ರಕ್ತ ಪರೀಕ್ಷೆಯಿಂದ. ನನಗೆ 44 ವರ್ಷ, ಇಡೀ ದಿನ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಎತ್ತರ 158 ಸೆಂ.ಮೀ., ಆಗಿನ ತೂಕ 74 ಕೆಜಿ. ಎತ್ತರಕ್ಕೆ ತಕ್ಕ ತೂಕ ಉಂಟಾ ಅಂತ ತೋರಿಸುವ ಬಿಎಂಐ ಲೆಕ್ಕ ಹಾಕಿದರೆ 29.6. ನಮ್ಮ ಭಾರತೀಯರ ಮೈಕಟ್ಟಿಗೆ 23 ದಾಟಿದರೇ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಡಾಕ್ಟರು ಹೇಳಿದರು. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂ.ಮೀ. ಒಳಗೆ ಇರಬೇಕು, ಗಂಡಸರಿಗೆ 90. ನನ್ನದು 96. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಡಯಾಬಿಟಿಸ್‌ನ ಹೊಸ್ತಿಲು. ಅಮ್ಮನಿಗೆ ಇದೇ ಕಾಯಿಲೆಯಿಂದ ಕಣ್ಣು ಮಂಜಾದದ್ದನ್ನು ಕಂಡವಳು ನಾನು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಅದು ಅಕ್ಟೋಬರ್. ಮಳೆ ಕಡಿಮೆಯಾಗಿತ್ತು. ನಡಿಗೆಯಿಂದಲೇ ಆರಂಭಿಸಿದೆ. ಬೆಳಿಗ್ಗೆ ಆರಕ್ಕೆ ಅಜ್ಜರಕಾಡಿನ ಮೈದಾನ, ಭಾನುವಾರ ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತ. ಮೊದಲ ತಿಂಗಳು ಗೆಳತಿಯರ ಜೊತೆ ಮಾತಾಡುತ್ತಾ ಮೆಲ್ಲ ನಡೆದೆ. ಆಮೇಲೆ ಒಂದು ಸುಲಭದ ಅಳತೆ ಗೊತ್ತಾಯಿತು: ನಡೆಯುವಾಗ ಮಾತಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಆ ವೇಗದಲ್ಲಿ ದಿನಕ್ಕೆ 40 ನಿಮಿಷ.

ಜನವರಿ ಕೊನೆಗೆ ತೂಕ ನೋಡಿದರೆ ಇಳಿದದ್ದು ಒಂದೂವರೆ ಕೆಜಿ. ಬೇಸರವಾಯಿತು. ಆಗಲೇ ಲೆಕ್ಕ ಕಲಿತದ್ದು. ಸುಮ್ನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಗೆ 1 ಮೆಟ್ ಅನ್ನುತ್ತಾರೆ. ಚುರುಕು ನಡಿಗೆಗೆ ಸುಮಾರು 4.3. ಅದನ್ನು ನಮ್ಮ ತೂಕದಿಂದ ಗುಣಿಸಿದರೆ ಒಂದು ಗಂಟೆಯ ಕ್ಯಾಲೊರಿ ಸಿಗುತ್ತದೆ. ನನಗೆ ಗಂಟೆಗೆ 318, ಅಂದರೆ 40 ನಿಮಿಷಕ್ಕೆ 212. ಕೂತಿದ್ದರೂ ಖರ್ಚಾಗುತ್ತಿದ್ದ 50 ಅದರಲ್ಲಿ ಸೇರಿದೆ, ಅದನ್ನು ಕಳೆದರೆ ಉಳಿಯುವುದು 160ರ ಆಸುಪಾಸು. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಒಂದು ಕೆಜಿ ಇಳಿಯಲು ಸುಮಾರು 48 ದಿನ ನಡೆಯಬೇಕು, ಅದೂ ತಿನ್ನುವುದು ಒಂದು ತುತ್ತೂ ಹೆಚ್ಚಾಗದಿದ್ದರೆ. ನಾವಾದರೋ ವಾಕಿಂಗ್ ಮುಗಿಸಿ ವಾರಕ್ಕೆ ಮೂರು ದಿನ ಹೋಟೆಲಿಗೆ ಹೋಗಿ ಬನ್ಸೋ ಗೋಳಿಬಜೆಯೋ ತಿನ್ನುತ್ತಿದ್ದೆವು. ಸಿಗುವ ಖುಷಿ ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಡೆದದ್ದೆಲ್ಲ ಆ ಎಣ್ಣೆಗೇ ಹೋಯಿತು.

ಹಾಗಂತ ನಡಿಗೆಯನ್ನು ಕಡಿಮೆ ಅಂತ ಹೇಳಲಾರೆ. ನಿದ್ದೆ ಸುಧಾರಿಸಿತು. ಆಫೀಸಿನ ಮೆಟ್ಟಿಲು ಹತ್ತುವಾಗ ಏದುಸಿರು ನಿಂತಿತು. ಮಲ್ಪೆಯಲ್ಲಿ ಮರಳ ಮೇಲೆ ನಡೆದ ದಿನಗಳಲ್ಲಿ ಮೀನಖಂಡ ಚೆನ್ನಾಗಿ ಬಿಗಿಯುತ್ತಿತ್ತು. ಒಣ ಮೆದು ಮರಳಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಸುಮಾರು ಎರಡು ಪಟ್ಟು ಶಕ್ತಿ ಬೇಕು. ಎಲ್ಲಕ್ಕಿಂತ ಉಪಕಾರ ಮಾಡಿದ್ದು ರಾತ್ರಿ ಊಟದ ಮೇಲಿನ 15 ನಿಮಿಷ. ಊಟ ಆದ ಕೂಡಲೇ ನಡೆದರೆ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ನಮಗೆ ರಥಬೀದಿ ಹತ್ತಿರ. ಮಠಗಳ ಮುಂದೆ ಎರಡು ಸುತ್ತು ಹಾಕಿ ಬಂದರೆ ಹೊಟ್ಟೆಯೂ ಹಗುರ, ಮನಸ್ಸೂ ಹಗುರ.

ಫೆಬ್ರವರಿಯಿಂದ ಮೇವರೆಗೆ ಈಜು. ಅಜ್ಜರಕಾಡಿನಲ್ಲಿ ಈಜುಕೊಳ ಇರುವುದು ನಮ್ಮ ಊರಿನ ಭಾಗ್ಯ. ಚಿಕ್ಕಂದಿನಲ್ಲಿ ಅಜ್ಜಿ ಮನೆಯ ಕೆರೆಯಲ್ಲಿ ಕಲಿತದ್ದು ಮೈಗೆ ಮರೆತಿರಲಿಲ್ಲ. ನಾನು ಮಾಡಿದ ಎಲ್ಲದರಲ್ಲಿ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಇದೇ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಏಳಕ್ಕೇ ಮೈ ಅಂಟಂಟು ಆಗುವ ಸೆಖೆಯಲ್ಲಿ ನೀರಿಗಿಳಿದರೆ ಜೀವ ಬಂದ ಹಾಗೆ ಆಗುತ್ತದೆ. ಮಂಡಿಗೆ ಭಾರವೇ ಇಲ್ಲ. ಬೆನ್ನು, ಭುಜ, ಉಸಿರು, ಎಲ್ಲಕ್ಕೂ ಒಟ್ಟಿಗೇ ಕೆಲಸ.

ಲೆಕ್ಕದಲ್ಲಿ ಈಜು ನಡಿಗೆಗಿಂತ ಮುಂದೆ. ಸಾಧಾರಣ ಈಜಿಗೆ 6 ಮೆಟ್, ನನಗೆ ಗಂಟೆಗೆ 444 ಕ್ಯಾಲೊರಿ. ಆದರೆ ಒಂದು ದಿನ ಗಡಿಯಾರ ನೋಡಿಕೊಂಡೆ. ನೀರಲ್ಲಿ ಇದ್ದದ್ದು 45 ನಿಮಿಷ, ನಿಜವಾಗಿ ಈಜಿದ್ದು 22. ಉಳಿದ ಹೊತ್ತು ಗೋಡೆ ಹಿಡಿದು ಸುಧಾರಿಸಿಕೊಂಡದ್ದು. ಅಲ್ಲಿಗೆ ಆ 444 ಕರಗಿ 163 ಆಯಿತು, ನಡಿಗೆಗಿಂತಲೂ ಕಡಿಮೆ. ತಣ್ಣೀರಿನಿಂದ ಎದ್ದ ಮೇಲಿನ ಹಸಿವಂತೂ ವಿಪರೀತ. ನೀರ್ ದೋಸೆ ಎಷ್ಟು ಹೊಟ್ಟೆಗೆ ಹೋಯಿತು ಅಂತಲೇ ತಿಳಿಯುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ತೂಕ ಒಂದು ಕೆಜಿ ಇಳಿಯಿತು, ಸೊಂಟ ಎರಡು ಸೆಂ.ಮೀ. ಮಂಡಿ ನೋವು ಇರುವವರಿಗೆ, ತೂಕ ತುಂಬಾ ಜಾಸ್ತಿ ಇರುವವರಿಗೆ ನಾನು ಮೊದಲು ಹೇಳುವುದು ಈಜನ್ನೇ. ಈಜು ಬರದಿದ್ದರೆ ಎದೆಮಟ್ಟದ ನೀರಲ್ಲಿ ನಡೆದರೂ ಸಾಕು.

ಜೂನ್ ಬಂತು, ಈಜು ನಿಂತಿತು. ಕೂದಲು ಒಣಗದೆ ಶೀತ, ಮೇಲಿಂದ ಗಾಳಿ ಮಳೆ. ಮಲ್ಪೆ ಕಡಲಿನ ಮಾತಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಜನ ನೀರಿಗಿಳಿಯದ ಹಾಗೆ ಅಲ್ಲಿ ತಡೆಬಲೆ ಕಟ್ಟುವುದು ಸುಮ್ನೆ ಅಲ್ಲ. ಜುಲೈ ಹಾಳೆಯಲ್ಲಿ ‘ಈ’ ಒಂದೂ ಇಲ್ಲ.

ನಡುವೆ ಸಣ್ಣ ಪ್ರಯೋಗಗಳೂ ಆದವು. ಮಗನ ಸೈಕಲ್ ತಗೊಂಡು ಕರಾವಳಿ ಜಂಕ್ಷನ್, ಆದಿಉಡುಪಿ, ಕಲ್ಮಾಡಿ ದಾಟಿ ಮಲ್ಪೆಗೆ ಹೋಗಿ ಬರುತ್ತಿದ್ದೆ. ಏರು ಅಷ್ಟಾಗಿ ಇಲ್ಲದ ದಾರಿ, ತುಳಿಯಲು ಚಂದ. ಆದರೆ ಏಳು ಗಂಟೆಯ ಮೇಲೆ ಬಸ್ಸುಗಳು ಮೈಸವರಿಕೊಂಡು ಹೋಗುವಾಗ ಎದೆ ಡವಡವ ಅನ್ನುತ್ತಿತ್ತು. ಎರಡೇ ವಾರಕ್ಕೆ ಬಿಟ್ಟೆ. ಹಗ್ಗ ಜಿಗಿತ ಹತ್ತು ನಿಮಿಷಕ್ಕೆ ಸುಮಾರು 145 ಕ್ಯಾಲೊರಿ ಅಂತ ಓದಿ, ಅಂಗಳದ ಸಿಮೆಂಟಿನ ಮೇಲೆ ಜಿಗಿದೆ. 74 ಕೆಜಿ ಹೊತ್ತು ಗಟ್ಟಿ ನೆಲದಲ್ಲಿ ಜಿಗಿಯಬಾರದಿತ್ತು. ಮೊಣಕಾಲ ಮುಂಭಾಗದ ಮೂಳೆ ಮೂರು ವಾರ ನೋಯಿತು. ಸೂರ್ಯ ನಮಸ್ಕಾರ ಇವತ್ತಿಗೂ ಉಂಟು. ಬೆನ್ನು ಸಡಿಲವಾಗಲು, ದಿನ ಶುರುಮಾಡಲು ಅದಕ್ಕೆ ಸಾಟಿ ಇಲ್ಲ. ತೂಕ ಇಳಿಸುವ ಕೆಲಸವನ್ನು ಅದೊಂದರ ಮೇಲೇ ಹೊರಿಸಬಾರದು.

ಶಟಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ವಾರಕ್ಕೊಮ್ಮೆ ಆಡುತ್ತಿದ್ದೆವು. ಗಂಟೆಗೆ 400 ಕ್ಯಾಲೊರಿ, ನಗು ಬೇರೆ, ಹೊತ್ತು ಹೋದದ್ದೇ ತಿಳಿಯದು. ಒಂದು ದಿನ ಆಟದ ಮೊದಲೂ ಆಮೇಲೂ ತೂಕ ನೋಡಿದೆ. 800 ಗ್ರಾಂ ಇಳಿದಿತ್ತು! ಎರಡು ಚೊಂಬು ನೀರು ಕುಡಿದು ಊಟ ಮಾಡುವಷ್ಟರಲ್ಲಿ ಅದು ಹಾಗೇ ವಾಪಸ್. ನಮ್ಮ ಕರಾವಳಿಯಲ್ಲಿ ಇದನ್ನು ಚೆನ್ನಾಗಿ ನೆನಪಿಡಬೇಕು. ಇಲ್ಲಿನ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ, ಹಾಗಾಗಿ ಮೈ ತಣಿಯದೆ ಇನ್ನಷ್ಟು ಬೆವರುತ್ತದೆ. ಬೆವರು ಅಂದರೆ ನೀರು ಮತ್ತು ಉಪ್ಪು, ಕೊಬ್ಬಲ್ಲ. ಬೆವರು ಬರಲಿ ಅಂತ ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡುವವರನ್ನು ಕಂಡರೆ ನನಗೆ ಗಾಬರಿಯಾಗುತ್ತದೆ. ಶಟಲ್‌ನ ನಿಜವಾದ ತೊಂದರೆ ಬೇರೆ. ನಾಲ್ಕು ಜನ ಬೇಕು. ಜಡಿಮಳೆಯಲ್ಲಿ ನಾಲ್ಕು ಜನ ಸೇರುವುದು ಕಷ್ಟ, ಅಲ್ವಾ? ಜುಲೈಯಲ್ಲಿ ‘ಶ’ ಎರಡೇ.

ಒಳಗೆ ಮಾಡುವ ಕೆಲಸ, ಮಳೆ ತಾಗದು ಅಂತ ಜೂನ್‌ನಲ್ಲಿ ಜಿಮ್‌ಗೆ ಸೇರಿದೆ. ಇಡೀ ವರ್ಷದ ಹಣ ಮೊದಲೇ ಕಟ್ಟಿಸಿಕೊಂಡರು. ಹೆಂಗಸರು ಬಂದರೆ ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿಬಿಡುವುದು, ಎರಡನೇ ವಾರಕ್ಕೇ ಪ್ರೋಟೀನ್ ಪುಡಿ ಕೊಳ್ಳಿ ಅನ್ನುವುದು, ಇವೆರಡೂ ನನಗೆ ಸಿಟ್ಟು ತರಿಸಿದವು. ಜಿಮ್ ಒಳಗೆ ಮಳೆ ಇಲ್ಲ ನಿಜ, ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಉಂಟಲ್ಲ. ರೇನ್‌ಕೋಟು, ಒದ್ದೆ ಬಟ್ಟೆ, ಸ್ಕೂಟರು, ತುಂಬಿ ಹರಿಯುವ ಚರಂಡಿ. ಜುಲೈಯಲ್ಲಿ ‘ಜಿ’ ಏಳು ದಿನ.

ಆ ಏಳು ದಿನಗಳಿಗೂ ನಾನು ಋಣಿ. ಅಲ್ಲಿದ್ದ ಒಬ್ಬ ತರಬೇತುದಾರೆ ಭಾರ ಎತ್ತುವುದು ಹೇಗೆ ಅಂತ ಕಲಿಸಿಕೊಟ್ಟರು. ಬೆನ್ನು ನೇರ ಇಟ್ಟು ಸೊಂಟದಿಂದ ಬಾಗುವುದು, ಎತ್ತುವಾಗ ಉಸಿರು ಬಿಡುವುದು, ಕೊನೆಯ ಎರಡು ಸಲ ಕಷ್ಟವಾಗುವಷ್ಟು ಭಾರ ಆರಿಸುವುದು. ವಯಸ್ಸು ನಲವತ್ತರ ಹತ್ತಿರ ಬರುವಾಗ ಸ್ನಾಯು ತನ್ನಷ್ಟಕ್ಕೆ ಕರಗತೊಡಗುತ್ತದೆ. ನಡಿಗೆ ಒಂದರಿಂದ ಅದು ನಿಲ್ಲುವುದಿಲ್ಲ. ತಿಂದ ಅನ್ನದ ಸಕ್ಕರೆ ಹೋಗಿ ಕೂರುವ ದೊಡ್ಡ ಜಾಗವೂ ಸ್ನಾಯುವೇ. ಇದು ತಿಳಿದ ದಿನವೇ ನನ್ನ ದಾರಿ ತಿರುಗಿತು.

ಸೆಪ್ಟೆಂಬರಿನಿಂದ ಮನೆಯಲ್ಲೇ ಶುರುಮಾಡಿದೆ. ವಾರಕ್ಕೆ ಮೂರು ದಿನ, 30 ನಿಮಿಷ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮೂರು ಸಲ ಹತ್ತತ್ತು. ಅದು ಸುಲಭವಾದ ಮೇಲೆ ಕೈಯಲ್ಲಿ ಡಂಬೆಲ್ ಹಿಡಿದು. ಪುಶ್‌ಅಪ್ ಮೊದಲು ಗೋಡೆಗೆ, ಎರಡು ತಿಂಗಳ ಮೇಲೆ ಊಟದ ಮೇಜಿಗೆ, ಈಗ ನೆಲದಲ್ಲಿ ಆರು. ಬಗ್ಗಿ ಒಂದು ಕೈಯಲ್ಲಿ ಭಾರ ಎಳೆಯುವುದು. ನೆಲದಿಂದ ಭಾರ ಎತ್ತಿ ನಿಲ್ಲುವುದಕ್ಕೆ ಹತ್ತು ಕೆಜಿ ಕುಚ್ಚಲಕ್ಕಿ ಚೀಲ. ಕೊನೆಗೆ ಪ್ಲಾಂಕ್, ಅಂದರೆ ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ನೇರ ಹಿಡಿದಿಡುವುದು. ಕೊಂಡದ್ದು ಮೂರು ಮತ್ತು ಐದು ಕೆಜಿಯ ಎರಡು ಜೊತೆ ಡಂಬೆಲ್ ಮಾತ್ರ. ಅದೂ ಬೇಡ ಅಂದರೆ ಐದು ಲೀಟರಿನ ಕ್ಯಾನಿಗೆ ನೀರು ತುಂಬಿದರೆ ಐದು ಕೆಜಿ. ಕ್ಯಾಲೊರಿ ಲೆಕ್ಕದಲ್ಲಿ ಇದು ಸೋಲುತ್ತದೆ, ಅರ್ಧ ಗಂಟೆಗೆ 130 ಮಾತ್ರ. ಮೊದಲ ಆರು ವಾರ ತೂಕದ ಮುಳ್ಳು ಅಲುಗಲೇ ಇಲ್ಲ. ಟೇಪು ಹಿಡಿದು ನೋಡಿದರೆ ಸೊಂಟ ಮೂರು ಸೆಂ.ಮೀ. ಇಳಿದಿತ್ತು. ದಯವಿಟ್ಟು ಮನೆಯಲ್ಲಿ ಒಂದು ಟೇಪು ಇಟ್ಟುಕೊಳ್ಳಿ. ತೂಕದ ಯಂತ್ರ ಒಂದನ್ನೇ ನಂಬಿದ್ದರೆ ನಾನು ಆರನೇ ವಾರಕ್ಕೇ ಬಿಟ್ಟುಬಿಡುತ್ತಿದ್ದೆ.

ತಟ್ಟೆಯೂ ಬದಲಾಯಿತು, ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಇಳಿದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ತಟ್ಟೆಯದ್ದೇ ಅಂತ ನನ್ನ ಅಂದಾಜು. ರಾತ್ರಿ ಅನ್ನ ಅರ್ಧ ಮಾಡಿದೆ, ಹೆಸರುಕಾಳು ಗಸಿ, ಬಸಳೆ ಎರಡು ಪಾಲು. ಮಧ್ಯಾಹ್ನ ಮೀನು ಇದ್ದೇ ಇರುತ್ತದೆ, ಹುರಿದದ್ದು ಬಿಟ್ಟು ಪುಳಿಮುಂಚಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ 61 ದಿನ ರಜೆ, ಆಗ ಮೀನು ದುಬಾರಿ. ಆ ದಿನಗಳಲ್ಲಿ ಮೊಟ್ಟೆ ಮತ್ತು ಕಡಲೆ. ಭಾರ ಎತ್ತುವವರಿಗೆ ಪ್ರೋಟೀನ್ ಬೇಕೇ ಬೇಕು, ಪುಡಿಯಿಂದಲೇ ಆಗಬೇಕೆಂದಿಲ್ಲ.

ಎರಡನೇ ಜುಲೈಯಲ್ಲಿ ‘ಡ’ 13 ದಿನ. ಒಂದೂ ತಪ್ಪಲಿಲ್ಲ. ಹೊರಗೆ ಹೆಂಚಿನ ಮೇಲೆ ಮಳೆ ಬಡಿಯುತ್ತಿದ್ದರೆ ಒಳಗೆ ನಾನು ಅಕ್ಕಿ ಚೀಲ ಎತ್ತುತ್ತಿದ್ದೆ. ಊಟದ ಮೇಲಿನ ನಡಿಗೆ ಜಗಲಿಯಲ್ಲೇ, ಆ ಕಡೆಯಿಂದ ಈ ಕಡೆಗೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದನ್ನೇ: ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥದ್ದು, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ನಮ್ಮಲ್ಲಿ ಮೊದಲರ್ಧ ಎಲ್ಲರಿಗೂ ಗೊತ್ತು. ಎರಡನೇ ಅರ್ಧ ಹೆಂಗಸರ ಕಿವಿಗೆ ಬೀಳುವುದೇ ಇಲ್ಲ.

ಈಗ ತೂಕ 66.8, ಸೊಂಟ 84, ಎಚ್‌ಬಿಎ1ಸಿ 5.6. ಸೊಂಟ ಇನ್ನೂ ನಾಲ್ಕು ಸೆಂ.ಮೀ. ಇಳಿಯಬೇಕು. ಬಿಪಿ ಜಾಸ್ತಿ ಇರುವವರು, ಎದೆನೋವು ಬಂದವರು, ಬೆನ್ನಿನ ಡಿಸ್ಕ್ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಭಾರ ಎತ್ತಬೇಕು. ಯಾರೇ ಆಗಲಿ ಉಸಿರು ಬಿಗಿಹಿಡಿದು ಎತ್ತಬಾರದು.

ಈಜು ಬಿಟ್ಟದ್ದಕ್ಕೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಮಳೆ ಕಡಿಮೆಯಾದ ಕೂಡಲೇ ವಾರಕ್ಕೊಮ್ಮೆಯಾದರೂ ಕೊಳಕ್ಕೆ ಹೋಗಬೇಕು. ಅಕ್ಟೋಬರ್ ಹಾಳೆಯ ನಾಲ್ಕು ಭಾನುವಾರಗಳಲ್ಲಿ ಪೆನ್ಸಿಲಿನಿಂದ ಈಗಲೇ ‘ಈ’ ಬರೆದಿಟ್ಟಿದ್ದೇನೆ.